ಕ್ರೇನ್ ಬರೆದಿಟ್ಟ ನಗು

ಎಲ್ಲರೂ ಅವನನ್ನು ಕ್ರೇನ್ ಅಂತಲೇ ಕರೆಯುತ್ತಿದ್ದರು. ಮೊದಲು ಲಾರಿಗೆ ಮೂಟೆ ಹೇರುತ್ತಿದ್ದ. ಆಮೇಲೆ ಮಿದುಳಿನ ತೊಂದರೆ ಇರುವ ಮಕ್ಕಳು ಉಳಿದುಕೊಂಡು ಕಲಿಯುವ ಶಾಲೆಗೆ ಸೇರಿದ. ಮಕ್ಕಳನ್ನು ಮಂಚದಿಂದ ಸ್ನಾನದ ಕುರ್ಚಿಗೆ, ಅಲ್ಲಿಂದ ಗಾಲಿಕುರ್ಚಿಗೆ ಎತ್ತಿ ಕೂರಿಸುವುದು ಅವನ ಕೆಲಸ. ಹದಿನಾಲ್ಕು ವರ್ಷ ಎತ್ತಿದ. ಒಂದು ಮಗುವನ್ನೂ ಕೆಡವಲಿಲ್ಲ. ಹೋದ ವರ್ಷ ಎದೆ ಹಿಡಿದುಕೊಂಡು ಕೂತವನು ಮತ್ತೆ ಏಳಲಿಲ್ಲ. ಹೆಂಡತಿಯನ್ನು ಮಾತಾಡಿಸಲು ಬಂದವರೆಲ್ಲ "ದೇವರಂಥ ಮನುಷ್ಯ" ಅಂದರು. ದೇವರಂಥವನೇನಲ್ಲ. ಒಂದು ಸಲ ದೊಡ್ಡ ತಪ್ಪು ಮಾಡಿದ್ದ.

ಶಾಲೆಯಲ್ಲಿ ಒಂಬತ್ತು ವರ್ಷದ ಹುಡುಗನೊಬ್ಬನಿದ್ದ. ಒಂದು ಚಮಚ ಊಟ ನುಂಗಲು ಎರಡು ನಿಮಿಷ ತೆಗೆದುಕೊಳ್ಳುತ್ತಿದ್ದ. ಅಲ್ಲಿಯವರೆಗೆ ಎಲ್ಲರೂ ಕೈಕಟ್ಟಿ ನಿಲ್ಲಬೇಕು. ಅದಕ್ಕೇ ಅವನಿಗೆ ಯಜಮಾನ್ರು ಅಂತ ಹೆಸರು ಬಿತ್ತು. ಮಾತಿಲ್ಲ. ಕರೆದರೆ ತಿರುಗುವುದಿಲ್ಲ. ಆದರೆ ನಗುತ್ತಿದ್ದ. ಸಂಜೆ ಕ್ರೇನ್ ಸ್ನಾನ ಮಾಡಿಸಿ, ಟವೆಲಿನಲ್ಲಿ ಸುತ್ತಿ ಎತ್ತಿದರೆ ಸಾಕು, ಕಿಲಕಿಲ. ಬೆಳಿಗ್ಗೆ ಎತ್ತುವವರ ಕೈಯಲ್ಲಿ ನಗುತ್ತಿರಲಿಲ್ಲ.

"ನಿಮ್ಮ ಮೀಸೆ ನೋಡಿದ್ರೆ ನಂಗೂ ನಗು ಬರತ್ತೆ ಬಿಡಿ," ಅಡುಗೆಯವಳು ಛೇಡಿಸುತ್ತಿದ್ದಳು.

"ಹೊಟ್ಟೆಕಿಚ್ಚು ಪಡ್ಬೇಡ ಕಣಮ್ಮ. ಯಜಮಾನ್ರಿಗೆ ತಮ್ಮ ಆಳು ಯಾರು ಅಂತ ಗೊತ್ತು."

ಪ್ರತಿ ಮಗುವಿಗೂ ಒಂದು ಪುಸ್ತಕ ಇತ್ತು. ಎಷ್ಟು ಉಂಡಿತು, ಎಷ್ಟು ಸಲ ಫಿಟ್ಸ್ ಬಂತು, ಎಷ್ಟು ಹೊತ್ತು ಇತ್ತು, ಎಲ್ಲ ಬರೆಯಬೇಕು. ಕ್ರೇನ್ ಓದಿದ್ದು ನಾಲ್ಕನೇ ಕ್ಲಾಸು. ಗುಂಡಗೆ ಬರೆಯುತ್ತಿದ್ದ: 'ಯಜಮಾನ್ರು ಇವತ್ತು ಎರಡು ಸಲ ನಕ್ಕರು.'

ಹುಡುಗನ ತಾಯಿ ತಿಂಗಳ ಮೊದಲ ಭಾನುವಾರ ಎರಡು ಬಸ್ಸು ಬದಲಾಯಿಸಿ ಬರುತ್ತಿದ್ದಳು. ಸಂಜೆಯ ಸ್ನಾನದವರೆಗೂ ಕಾಯುತ್ತಿದ್ದಳು. ಮಗ ನಕ್ಕರೆ ಫೋನಿನಲ್ಲಿ ಹಿಡಿದುಕೊಂಡು ಹೊರಡುತ್ತಿದ್ದಳು. "ನಗ್ತಾನಲ್ಲ, ನಂಗಷ್ಟು ಸಾಕು," ಅನ್ನುತ್ತಿದ್ದಳು.

ಹೀಗೆ ಮೂರು ವರ್ಷ. ಆಮೇಲೆ ಶಾಲೆಗೆ ಹೊಸ ಡಾಕ್ಟರಮ್ಮ ಬಂದಳು. ಪುಸ್ತಕ ಓದಿದಳು. ಸಂಜೆ ವಾಚು ಹಿಡಿದು ಬಚ್ಚಲ ಬಾಗಿಲಲ್ಲಿ ನಿಂತಳು. ಹುಡುಗ ನಕ್ಕ. ಅವಳು ನಗಲಿಲ್ಲ.

"ಬಾಯಿ ನೋಡ್ಬೇಡಿ, ಕಣ್ಣು ನೋಡಿ," ಅಂದಳು.

ಕಣ್ಣು ಗೋಡೆಯ ಮೂಲೆಗೆ ಹೋಗಿ ನಿಂತುಬಿಟ್ಟಿತ್ತು. ಕ್ರೇನ್ ಕಣ್ಣ ಮುಂದೆ ಕೈ ಆಡಿಸಿದ. ರೆಪ್ಪೆ ಅಲುಗಲಿಲ್ಲ.

"ಇದು ನಗು ಅಲ್ಲ. ಇದೂ ಒಂಥರಾ ಫಿಟ್ಸೇ. ಸಂಜೆ ಹೊತ್ತು ಬರತ್ತೆ, ನೀವು ಎತ್ತಿದ್ರೂ ಅಷ್ಟೇ, ಎತ್ತದಿದ್ರೂ ಅಷ್ಟೇ. ಇನ್ಮೇಲೆ ಬಂದಾಗೆಲ್ಲ ಟೈಮ್ ಬರೀರಿ. ಜಾಸ್ತಿ ಆಗ್ತಿದ್ರೆ ಔಷಧಿ ಬದಲಾಯಿಸ್ಬೇಕು. ಇಲ್ಲಾಂದ್ರೆ ದೊಡ್ಡದಕ್ಕೆ ತಿರುಗತ್ತೆ."

ಕ್ರೇನ್ "ಹ್ಞೂಂ" ಅಂದ. ಬರೆಯಲಿಲ್ಲ. ಒಂದು ದಿನವಲ್ಲ, ಎರಡು ದಿನವಲ್ಲ, ಹನ್ನೆರಡು ದಿನ.

ರಜೆಯ ದಿನ ಮನೆಯಲ್ಲಿ ತಟ್ಟೆ ಮುಂದೆ ಸುಮ್ಮನೆ ಕೂತಿದ್ದ. ಹೆಂಡತಿ ಬಿಡಲಿಲ್ಲ, ಬಾಯಿ ಬಿಡಿಸಿದಳು.

"ಬರೆದ್ರೆ ಔಷಧಿ ಕೊಡ್ತಾರೆ. ಕೊಟ್ರೆ ನಗು ನಿಲ್ಲತ್ತೆ. ಆ ತಾಯಿಗೆ ಇನ್ನೇನಿದೆ ಹೇಳು?"

"ತಾಯಿಗೋ, ನಿಂಗೋ?"

ಅವರಿಗೆ ಮಕ್ಕಳಿರಲಿಲ್ಲ. ಕೇಳಬಾರದಿತ್ತು. ಕೇಳಿಬಿಟ್ಟಳು. ಅವನು ಎದ್ದು ಕೈ ತೊಳೆದುಕೊಂಡ.

ಪುಸ್ತಕ ಖಾಲಿ ಇರುವುದು ನೋಡಿ ಡಾಕ್ಟರಮ್ಮನಿಗೆ ಸಮಾಧಾನವಾಯಿತು. ಔಷಧಿ ಹಾಗೇ ಬಿಟ್ಟಳು. ಹದಿಮೂರನೇ ದಿನ ಸಂಜೆ ಹುಡುಗ ನಕ್ಕ. ನಗು ನಿಲ್ಲಲಿಲ್ಲ. ಕ್ರೇನ್ ಕೈಯಲ್ಲೇ ಮೈ ಕಟ್ಟಿಗೆಯಂತೆ ಸೆಟೆಯಿತು. ತುಟಿ ಕಚ್ಚಿಕೊಂಡು ರಕ್ತ ಬಂತು, ಮುಖ ನೀಲಿ ತಿರುಗಿತು. ನರ್ಸು ಓಡಿ ಬಂದು ಕೆನ್ನೆಯೊಳಗೆ ಔಷಧಿ ಬಿಟ್ಟಳು. ಒಂಬತ್ತು ನಿಮಿಷ. ಕ್ರೇನ್ ಹುಡುಗನನ್ನು ಹಾಸಿಗೆಯ ಮೇಲೆ ಮಗ್ಗುಲಾಗಿ ಹಿಡಿದು ಅಷ್ಟೂ ಹೊತ್ತು ಮಂಡಿಯೂರಿ ಕೂತಿದ್ದ.

ಡಾಕ್ಟರಮ್ಮ ಬಂದಾಗ, ಕೇಳುವ ಮೊದಲೇ ಪುಸ್ತಕ ಮುಂದಿಟ್ಟ.

"ಫಿಟ್ಸ್ ಬರದೆ ಖಾಲಿ ಉಳಿದದ್ದಲ್ಲ ಡಾಕ್ಟ್ರೇ. ನಾನೇ ಬರೀಲಿಲ್ಲ. ದಿನಾ ಬಂದಿದೆ. ಮೂರು ಸಲ, ನಾಲ್ಕು ಸಲ."

ಅವಳು ಕೂಗಾಡಲಿಲ್ಲ. "ನಾನು ಅವನನ್ನ ನೋಡೋದು ವಾರಕ್ಕೆ ಹತ್ತು ನಿಮಿಷ. ಮಿಕ್ಕಿದ್ದೆಲ್ಲ ನಿಮ್ಮ ಕಣ್ಣಲ್ಲೇ ನೋಡ್ಬೇಕು ನಾನು," ಅಂದಳು. ಅಷ್ಟೇ. ಬೈದಿದ್ದರೆ ಚೆನ್ನಾಗಿತ್ತು ಅನ್ನಿಸಿತು ಅವನಿಗೆ.

ಹೆಡ್‌ಮಿಸ್ಟ್ರೆಸ್ಸು ಎರಡು ತಿಂಗಳು ಅವನನ್ನು ಬಟ್ಟೆ ಒಗೆಯುವ ಕೋಣೆಗೆ ಹಾಕಿದಳು. ಔಷಧಿ ಬದಲಾಯಿತು. ಮೂರು ವಾರದಲ್ಲಿ ನಗು ನಿಂತಿತು.

ಭಾನುವಾರ ತಾಯಿ ಬಂದಳು. ಹೆಡ್‌ಮಿಸ್ಟ್ರೆಸ್ಸು ಹೇಳಲು ಹೊರಟಿದ್ದಳು. ಕ್ರೇನ್ ತಡೆದು, ಒದ್ದೆ ಕೈಯಲ್ಲೇ ಹೋಗಿ ಎಲ್ಲ ಹೇಳಿದ. ಹನ್ನೆರಡು ದಿನದ್ದೂ ಹೇಳಿದ.

"ಊರಿಗೆಲ್ಲ ಫೋನ್ ತೋರ್ಸಿದೀನಿ," ಅಂದಳು ತಾಯಿ. "ನನ್ನ ಮಗನ ಕಾಯಿಲೇನ ತೋರ್ಸ್ಕೊಂಡು ತಿರುಗ್ತಿದ್ನಾ ನಾನು?"

"ನಾನೂ ಅದನ್ನೇ ಅಲ್ವಾ ಬರೆದಿದ್ದು."

"ಹಾಗಾದ್ರೆ ಅವನು ಒಂದ್ಸಲಾನೂ ನಕ್ಕಿಲ್ವಾ?"

ಒಂದೆರಡು ಸಲ ನಿಜವಾಗಿ ನಕ್ಕಿರಬಹುದು ಅಂದುಬಿಡಬಹುದಿತ್ತು. ನಾಲಿಗೆಯ ತುದಿಗೇ ಬಂದಿತ್ತು.

"ಗೊತ್ತಿಲ್ಲಮ್ಮ," ಅಂದ.

"ನೀವು ಅವನನ್ನ ಮುಟ್ಬೇಡಿ." ಅವಳು ಅವತ್ತು ಸ್ನಾನದವರೆಗೆ ಕಾಯಲಿಲ್ಲ.

ಎರಡು ತಿಂಗಳಾದ ಮೇಲೆ ಕ್ರೇನ್ ಬಚ್ಚಲಿಗೆ ವಾಪಸು ಬಂದ. ಯಜಮಾನ್ರನ್ನು ಮಾತ್ರ ಬೇರೆಯವರು ಎತ್ತುತ್ತಿದ್ದರು. ಅವನು ಬಾಗಿಲಲ್ಲಿ ನಿಂತು ನೋಡಿ ಬರೆಯುತ್ತಿದ್ದ. ಬಚ್ಚಲ ಕೆಲಸಕ್ಕೆ ಮತ್ತೆ ತೆಗೆದುಕೊಳ್ಳುವಾಗ ಡಾಕ್ಟರಮ್ಮ ಹಾಕಿದ ಷರತ್ತು ಅದು. 'ಆರು ಗಂಟೆ ಹತ್ತು ನಿಮಿಷ. ನಗಲಿಲ್ಲ. ಕಣ್ಣು ಟವೆಲಿನ ಕಡೆ ತಿರುಗಿತು.' 'ಆರು ಇಪ್ಪತ್ತು. ಎತ್ತಿದವನ ಕಾಲರ್ ಹಿಡಿದರು. ಯಾಕೋ ಗೊತ್ತಿಲ್ಲ.'

ಮುಂದಿನ ಭಾನುವಾರ ತಾಯಿ ಪುಸ್ತಕ ಕೇಳಿ ತೆಗೆದುಕೊಂಡಳು. ಬೆಂಚಿನ ಮೇಲೆ ಕೂತು ಓದಿದಳು. ಆಮೇಲೆ ಬಚ್ಚಲ ಹತ್ತಿರ ಬಂದಳು.

"ಕಾಲರ್ ಹಿಡಿದ ಅಂತ ಬರ್ದಿದೀರ. ಸುಳ್ಳಲ್ಲ ತಾನೇ?"

"ಹಿಡಿದದ್ದು ನಿಜ. ಖುಷಿಗೋ ಏನೋ, ಅದು ನಂಗೊತ್ತಿಲ್ಲ."

ಅವಳು ಪುಸ್ತಕವನ್ನು ಅವನ ಕೈಗೆ ವಾಪಸು ಕೊಟ್ಟಳು.

"ಎತ್ತೋದು ಹೇಗೆ ಅಂತ ಹೇಳ್ಕೊಡಿ," ಅಂದಳು. "ನಾನೇ ನೋಡ್ತೀನಿ."

"ಒಂದು ಕೈ ಮಂಡಿ ಕೆಳಗೆ, ಇನ್ನೊಂದು ಹೆಗಲಿನ ಹಿಂದೆ. ನಿಮ್ಮ ಬೆನ್ನು ಬಗ್ಗಿಸ್ಬೇಡಿ."

ಅವಳು ಎತ್ತಿದಳು. ಕ್ರೇನ್ ಎರಡು ಹೆಜ್ಜೆ ಹಿಂದೆ ಸರಿದು ನಿಂತ. ಅವನ ಕಡೆಗಿದ್ದದ್ದು ಅವಳ ಬೆನ್ನು. ಹುಡುಗನ ಕೈ ಕಾಣುತ್ತಿರಲಿಲ್ಲ. ಅವತ್ತಿನ ಸಾಲನ್ನು ಅವನು ಬರೆಯಲಿಲ್ಲ. ಬರೆಯಲು ಪುಸ್ತಕವನ್ನು ಅವಳಿಗೇ ಕೊಟ್ಟ.