ತಂಗಳ ನೀರಿನ ಗೆರೆ

ಬೆಳಗಿನ ಆರು ಗಂಟೆ. ದೋಸೆ ಹಂಚು ಉಜ್ಜುತ್ತಿದ್ದ ನನ್ನ ಕೈ ಬಾಗಿಲ ಬಡಿತಕ್ಕೆ ನಿಲ್ಲುತ್ತದೆ. ಹೊರಗೆ ಗಂಗಾಬಾಯಿ, ಮಣಿಕೊಂಡದ ನಮ್ಮ ಅಪಾರ್ಟ್‌ಮೆಂಟಿಗೆ ನೀರು ಏರಿಸುವವರು.

“ಅಕ್ಕಾರ, ಒಂದು ಸೀಮೆಸುಣ್ಣ ಕೊಡ್ರಿ, ಲಗೂನ! ಮೋಟರ್ ಹಚ್ಚಿ ಬಂದೀನಿ.”

ಸೀಮೆಸುಣ್ಣ ಮಗಳು ಲಹರಿಯ ಹತ್ತಿರವಿದೆ. ಅವಳು ಗಣಿತದ ನೋಟ್‌ಬುಕ್ಕಿನ ಮುಂದೆ ಕೂತಿದ್ದಾಳೆ. ‘ತೊಟ್ಟಿಯಲ್ಲಿ ಮೊದಲೇ ಇನ್ನೂರು ಲೀಟರ್ ನೀರಿದೆ. ನಿಮಿಷಕ್ಕೆ ಐವತ್ತು ಲೀಟರ್ ತುಂಬುತ್ತದೆ. ನಕ್ಷೆ ಬರೆಯಿರಿ.’ ಅವಳ ಗೆರೆ ಸೊನ್ನೆಯಿಂದ ಹೊರಟು ಚೆಂದವಾಗಿ ಏರಿದೆ, ಮೇಲೆ ಟೀಚರ್ ಕೆಂಪು ಶಾಯಿಯಲ್ಲಿ ತಪ್ಪು ಹಾಕಿದ್ದಾರೆ. ಯಾಕೆಂದು ಇವಳು ಕೇಳಿಲ್ಲ. ಹಿಂದೊಮ್ಮೆ ಏನೋ ಕೇಳಿದ್ದಕ್ಕೆ ತರಗತಿಯೆಲ್ಲ ನಕ್ಕಿತಂತೆ. ಅಂದಿನಿಂದ ಶಾಲೆಯಲ್ಲೂ ಮನೆಯಲ್ಲೂ ಪ್ರಶ್ನೆಯೇ ಇಲ್ಲ. ಇವತ್ತು ಪರೀಕ್ಷೆ ಬೇರೆ.

ಸೀಮೆಸುಣ್ಣ ಹಿಡಿದು ಲಹರಿಯೇ ಹೊರಡುತ್ತಾಳೆ, ಅವಳ ಹಿಂದೆ ನಾನು; ಮೂವರೂ ತಾರಸಿಯ ಟ್ಯಾಂಕಿನತ್ತ ಮೆಟ್ಟಿಲೇರುತ್ತೇವೆ. ಲಿಫ್ಟ್ ಇದೆಯಲ್ಲ ಎಂದರೆ ಗಂಗಾಬಾಯಿ ನಗುತ್ತಾರೆ. “ಕರೆಂಟ್ ಹೋಗಿ ನಾ ಒಳಗ ಸಿಗಬಿದ್ರ?”

ಲಿಂಗಸುಗೂರಿನಿಂದ ಇಟ್ಟಿಗೆ ಹೊರಲು ಬಂದವರು, ತಾವೇ ಕಟ್ಟಿದ ಕಟ್ಟಡದಲ್ಲಿ ಉಳಿದು ಆರು ವರ್ಷವಾಗಿದೆ. ನಲವತ್ತೆಂಟು ಮನೆ, ದಿನಕ್ಕೆ ಮೂರು ಸಲ ಐದು ಮಹಡಿ. ಶಾಲೆಗೆ ಹೋದವರಲ್ಲ.

ಬಿದಿರುಕೋಲನ್ನು ಟ್ಯಾಂಕಿಗೆ ಇಳಿಸಿ, ಒದ್ದೆಯಾದಷ್ಟೇ ಎತ್ತರಕ್ಕೆ ಗೋಡೆಯ ಮೇಲೆ ಗುರುತು ಹಾಕುತ್ತಾರೆ. ಹತ್ತು ನಿಮಿಷಕ್ಕೊಂದು ಗುರುತು, ಪ್ರತಿ ಸಲ ಒಂದು ಗೇಣು ಬಲಕ್ಕೆ ಸರಿದು. ಪಕ್ಕದಲ್ಲೇ ನಿನ್ನೆಯ ಗುರುತುಗಳು ಇನ್ನೂ ಅಳಿಸಿಲ್ಲ.

“ಗುರುತು ನೆಟ್ಟಗ ಏರಿದ್ರ ಮೋಟರ್ ಆರಾಮ್ ಐತಿ. ಬಾಗಿದ್ರ ಪೈಪಿನ್ಯಾಗ ಗಾಳಿ ಹಿಡದೈತಿ, ಬಂದ್ ಮಾಡೂದು.”

ಲಹರಿ ನಿನ್ನೆಯ ಮೊದಲ ಗುರುತಿನ ಮೇಲೆ ಬೆರಳಿಡುತ್ತಾಳೆ. ನೆಲದಿಂದ ಎರಡು ಗೇಣು ಮೇಲಿದೆ.

“ಅದು ತಂಗಳ ನೀರವ್ವಾ, ರಾತ್ರಿ ಉಳದಿದ್ದು. ತಂಗಳ ರೊಟ್ಟಿ ಇದ್ದಾಗ ಬುಟ್ಟಿ ಖಾಲಿ ಅಂತಾರೇನು? ನಾ ಮೊದಲ್ನೇ ದಿನ ಅದನ್ನ ಬಿಟ್ಟು, ನೆಲದಿಂದ ಎಣಿಸಿದ್ದೆ. ಟ್ಯಾಂಕ್ ಚೆಲ್ಲಿ ಮೂರನೇ ಮಹಡಿತನಕ ಜಳಕ ಆತು!” ಸೆರಗಿನಿಂದ ಕೈ ಒರೆಸಿಕೊಳ್ಳುತ್ತಾರೆ. “ಆಮ್ಯಾಲ ಒಂದ ದಿನಾನೂ ತಂಗಳ ಎಣಿಸ್ದ ಬಿಟ್ಟಿಲ್ಲ ನೋಡ್ರಿ.”

ಲಹರಿ ಸೀಮೆಸುಣ್ಣ ತೆಗೆದುಕೊಂಡು ನಿನ್ನೆಯ ಗುರುತುಗಳನ್ನು ಒಂದೊಂದಾಗಿ ಸೇರಿಸುತ್ತಾಳೆ. ಗೆರೆ ಎರಡು ಗೇಣಿನಿಂದಲೇ ಹೊರಟು ಓರೆಯಾಗಿ ಏರುತ್ತದೆ. ಅವಳು ಒಂದು ಹೆಜ್ಜೆ ಹಿಂದೆ ಸರಿದು ನೋಡುತ್ತಾಳೆ. ತುಟಿ ಅಲುಗುತ್ತದೆ.

ಟ್ಯಾಂಕಿಗೆ ಬೀಳುವ ನೀರಿನ ಸದ್ದನ್ನೂ ಮೀರಿ ಕೇಳುತ್ತಾಳೆ: “ಆಂಟಿ, ತಂಗಳು ಇಲ್ಲದಿದ್ರೆ ಮಾತ್ರ ಗೆರೆ ಸೊನ್ನೆಯಿಂದ ಶುರುವಾಗೋದಾ?”