ತಲೆಯಿಲ್ಲದ ಪಚ್ಚಿಲೆ ಮತ್ತು ಸಿಸಿಲಿಯಾ ಮಿಸ್

ಸಿಸಿಲಿಯಾ ಮಿಸ್ ತರಗತಿಗೆ ಬರುವ ಮೊದಲೇ ಅವರ ಚೀಲದ ವಾಸನೆ ಬರುತ್ತಿತ್ತು. ಅರವತ್ತರ ದಶಕದ ಆರಂಭದಲ್ಲಿ ಕೊಡಿಯಾಲ್‌ಬೈಲಿನ ನಮ್ಮ ಕಾಲೇಜಿನಲ್ಲಿ ಅವರು ಪ್ರಾಣಿಶಾಸ್ತ್ರ ಕಲಿಸುತ್ತಿದ್ದರು. ಬೆಳಿಗ್ಗೆ ಮೀನು ಮಾರ್ಕೆಟಿಗೆ ಹೋಗಿ ಪಚ್ಚಿಲೆ, ಅಂದರೆ ಕಡಲಿನ ಬಂಡೆಗೆ ಅಂಟಿಕೊಂಡಿರುವ ಹಸಿರು ಕಪ್ಪೆಚಿಪ್ಪನ್ನು ಕೊಂಡು, ಪುಸ್ತಕದ ಚೀಲಕ್ಕೇ ತುಂಬಿಸಿ ತರುತ್ತಿದ್ದರು. ಇನ್ನೊಂದು ಕೈಯ ಬಿಸ್ಕತ್ತಿನ ಡಬ್ಬದಲ್ಲಿ ಅವರ ಮಣ್ಣಗುಡ್ಡದ ಹಿತ್ತಲಿನ ಬಸವನಹುಳುಗಳು.

"ಇಬ್ಬರೂ ಒಂದೇ ಕುಟುಂಬ ಮಕ್ಕಳೇ. ಒಬ್ಬಳು ಕಡಲಲ್ಲಿ ಉಳಿದಳು, ಇನ್ನೊಬ್ಬಳು ಗುಡ್ಡೆ ಹತ್ತಿದಳು. ಈ ಪಚ್ಚಿಲೆಗೆ ಎರಡು ಚಿಪ್ಪು, ಆದರೆ ತಲೆಯೇ ಇಲ್ಲ. ನೀರು ತಂದುಕೊಟ್ಟದ್ದನ್ನು ಸೋಸಿ ತಿಂದು ಸುಮ್ಮನಿರ್ತಾಳೆ. ಗುಡ್ಡೆ ಹತ್ತಿದ ಈ ಬಸವನಹುಳುವಿಗೆ ಒಂದೇ ಚಿಪ್ಪು. ಆದರೆ ತಲೆ ಉಂಟು, ಕೊಂಬಿನ ತುದಿಯಲ್ಲಿ ಕಣ್ಣು ಉಂಟು, ನಾಲಿಗೆ ತುಂಬ ಹಲ್ಲು ಉಂಟು. ನಮ್ಮ ಸೋದರತ್ತೆಯ ಹಾಗೆ!" ಎನ್ನುತ್ತಿದ್ದರು.

ಅವರ ತರಗತಿಯಲ್ಲಿ ಯಾರೂ ನಿದ್ದೆ ಮಾಡಿದ್ದಿಲ್ಲ. ಬಸವನಹುಳು ಮುಟ್ಟಲು ನಾನು ಹಿಂಜರಿದಾಗ ಅದನ್ನು ನನ್ನ ಅಂಗೈಯಲ್ಲಿಟ್ಟು, "ಹೆದರಿಕೆ ಅದಕ್ಕೆ ಇರ್ಬೇಕು ಮಾರಾಯ್ತಿ, ನಿನಗೆಂತ?" ಎಂದಿದ್ದರು.

ನಲವತ್ತು ಹತ್ತಿರವಾದರೂ ಮಿಸ್ಸಿಗೆ ಮದುವೆಯಾಗಿರಲಿಲ್ಲ. ಹುಳು ಹಿಡಿಯುವ ಹೆಂಗಸೆಂದು ಬಂದವರೆಲ್ಲ ಹಿಂದೆ ಸರಿಯುತ್ತಿದ್ದರು. ಮುದಿ ತಾಯಿಗೆ ಅದೇ ಕೊರಗು. ಮಿಸ್ ಮಾತ್ರ ನಗುತ್ತಿದ್ದರು. ಆದರೆ ಅಂಥದ್ದೊಂದು ಸಂಬಂಧ ತಪ್ಪಿಹೋದ ದಿನ, ಪ್ರಯೋಗಶಾಲೆಯಲ್ಲಿ ನಮಗೆ ಬೆನ್ನು ಹಾಕಿ, ತೊಳೆದಿದ್ದ ಬಸಿಯನ್ನೇ ಮತ್ತೆ ಮತ್ತೆ ತೊಳೆಯುತ್ತ ನಿಂತದ್ದನ್ನು ನಾನು ಕಂಡಿದ್ದೇನೆ.

ಒಂದು ಭಾನುವಾರ ನಾನು ಪ್ರಯೋಗದ ಪುಸ್ತಕಕ್ಕೆ ಬರೆದ ಚಿತ್ರಗಳನ್ನು ತೋರಿಸಲು ಅವರ ಮನೆಗೆ ಹೋಗಿದ್ದೆ. ಅಷ್ಟರಲ್ಲಿ ದಲ್ಲಾಳಿಯೊಬ್ಬ ಮದ್ರಾಸಿನಲ್ಲಿ ಕೆಲಸದಲ್ಲಿದ್ದ ಆಲ್ಬರ್ಟ್ ಎಂಬವರನ್ನು ಹೆಣ್ಣು ನೋಡಲು ಕರೆತಂದ. ತಾಯಿ ಮಗಳನ್ನು ಅಡುಗೆಮನೆಗೆ ಎಳೆದು, "ಇವತ್ತೊಂದು ದಿನ ಆ ಹುಳದ ಸುದ್ದಿ ತೆಗೀಬೇಡ, ನನ್ನಾಣೆ!" ಎಂದರು. ಮಿಸ್ ತಲೆಯಾಡಿಸಿ ಚಹಾ ತಂದಿಟ್ಟು, ಕೈಕಟ್ಟಿ ಕೂತರು. ಅಷ್ಟು ಮೌನವಾಗಿ ಅವರನ್ನು ನಾನು ನೋಡಿಯೇ ಇರಲಿಲ್ಲ.

ಮೇಜಿನ ಮೇಲೆ ಆಲ್ಬರ್ಟರ ಟೋಪಿಯಿತ್ತು. ಡಬ್ಬದಿಂದ ತಪ್ಪಿಸಿಕೊಂಡ ಬಸವನಹುಳುವೊಂದು ಅದರ ಅಂಚಿನಲ್ಲಿ ನಿಧಾನವಾಗಿ ಏರುತ್ತಿತ್ತು. ತಾಯಿ ಎದೆಯ ಮೇಲೆ ಶಿಲುಬೆಯ ಗುರುತು ಹಾಕಿಕೊಂಡರು. ದಲ್ಲಾಳಿ ಕೆಮ್ಮಿದ. ಆಲ್ಬರ್ಟ್ ಬಗ್ಗಿ ನೋಡಿ, "ಇದರ ಕಣ್ಣು ಎಲ್ಲುಂಟು?" ಎಂದು ಕೇಳಿದರು.

ಮಿಸ್ ತಾಯಿಯನ್ನು ನೋಡಿದರು. ತಾಯಿ ತಲೆಯೆತ್ತಿ ಮಾಡಿನ ಹಂಚು ನೋಡಿದರು.

"ಕೊಂಬಿನ ತುದಿಯಲ್ಲಿ," ಎಂದರು ಮಿಸ್. ಆಮೇಲೆ ತಡೆಯುವವರು ಯಾರು? ಬಸವನಹುಳುವಿನ ಶ್ವಾಸಕೋಶ, ಪಚ್ಚಿಲೆಯ ಕಿವಿರು, ಒಂದರ ನಡಿಗೆ, ಇನ್ನೊಂದರ ಬಂಡೆವಾಸ, ಎಲ್ಲವೂ ಬಂತು. ಚಹಾ ಆರಿತು. ದಲ್ಲಾಳಿ ಹೊರಡುವಾಗ, "ಹುಡುಗಿಗೆ ಬಾಯಿ ಸ್ವಲ್ಪ ಹೆಚ್ಚಾಯ್ತು ಬಾಯಮ್ಮ," ಎಂದು ತಾಯಿಯ ಕಿವಿಯಲ್ಲಿ ಹೇಳಿಹೋದ. ತಾಯಿ ಅತ್ತರು. "ಕೇಳಿದ್ರು, ಹೇಳಿದೆ. ಸುಳ್ಳು ಮೂಗಿಯಾಗಿ ಎಷ್ಟು ದಿನ ಇರ್ಲಿ ಮಾಯ್?" ಎಂದು ತಾಯಿಗೆ ಹೇಳಿ, ಮಿಸ್ ಆರಿದ ಚಹಾದ ಲೋಟಗಳನ್ನು ಎತ್ತಿಕೊಂಡರು.

ಮರುದಿನ ಸಂಜೆ ನಾನು ಚಿತ್ರಗಳನ್ನು ವಾಪಸು ತರಲು ಹೋದಾಗ ಗೇಟಿನಲ್ಲಿ ಆಲ್ಬರ್ಟ್ ಒಬ್ಬರೇ ನಿಂತಿದ್ದರು. ಕೈಯಲ್ಲಿ ನೀರು ಸುರಿಯುವ ಕಾಗದದ ಪೊಟ್ಟಣ. ಮಿಸ್ ಬಾಗಿಲಿಗೆ ಬಂದದ್ದೇ ಅವರು ಅದನ್ನು ಎತ್ತಿ ತೋರಿಸಿದರು.

"ಪಚ್ಚಿಲೆ ತಂದಿದ್ದೇನೆ ಮಿಸ್. ಎಷ್ಟು ಹುಡುಕಿದ್ರೂ ತಲೆ ಸಿಗ್ಲಿಲ್ಲ. ನೀವು ಹೇಳಿದ್ದು ಸರಿ. ಇನ್ನು ಇದನ್ನು ಪದಾರ್ಥ ಮಾಡುವುದು ಹೇಗೆ?"

ಮಿಸ್ ಬಾಗಿಲಿಗೊರಗಿ ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. "ಅದು ಮಾಯ್‌ಗೆ ಗೊತ್ತುಂಟು. ಒಳಗೆ ಬನ್ನಿ."

ಬೇಸಿಗೆ ರಜೆಯಲ್ಲಿ ಮದುವೆಯಾಯಿತು. ತಾಯಿಯನ್ನೂ ಕರೆದುಕೊಂಡು ಮದ್ರಾಸಿಗೆ ಹೊರಟ ದಿನ ನಾವು ಹುಡುಗಿಯರೆಲ್ಲ ಮಲ್ಲಿಗೆ ಹಿಡಿದು ರೈಲ್ವೆ ಸ್ಟೇಷನ್ನಿಗೆ ಹೋದೆವು. ರೈಲು ಕದಲುವಾಗ ನಾನು ಕಿಟಕಿಯ ಜೊತೆ ಓಡುತ್ತ, "ನಾನೂ ನಿಮ್ಮ ಹಾಗೆ ಟೀಚರ್ ಆಗ್ತೇನೆ ಮಿಸ್!" ಎಂದು ಕೂಗಿದೆ.

"ಆಗು ಮಾರಾಯ್ತಿ! ಮಕ್ಕಳು ನಗುವಾಗ ಮಾತ್ರ ತಡೀಬೇಡ!"

ಅವರನ್ನು ನಾನು ನೋಡಿದ್ದು ಅದೇ ಕೊನೆ. ಜೂನ್‌ನಲ್ಲಿ ಬಂದ ಹೊಸ ಲೆಕ್ಚರರ್ ಕಪ್ಪುಹಲಗೆಯ ಮೇಲೆ ಗೆರೆ ಎಳೆದು, ಪಚ್ಚಿಲೆಯನ್ನು ಎಡಕ್ಕೂ ಬಸವನಹುಳುವನ್ನು ಬಲಕ್ಕೂ ಅಂದವಾಗಿ ಬರೆದರು. ಒಂದೂ ತಪ್ಪಿರಲಿಲ್ಲ. ನಾವು ಸದ್ದಿಲ್ಲದೆ ಬರೆದುಕೊಂಡೆವು.