ಬೆಲ್ಲದ ಗಾಡಿ

ಮೊಮ್ಮಕ್ಕಳೇ, ಹಬ್ಬದಲ್ಲಿ ಒಬ್ಬಟ್ಟು ಮಾಡಿ ನಿಮಗೆಲ್ಲ ಬಡಿಸುತ್ತೇನೆ, ನಾನು ಮಾತ್ರ ತಿನ್ನುವುದಿಲ್ಲ. ಸಕ್ಕರೆ ಕಾಯಿಲೆ ಇರಬೇಕು ಎಂದು ನೀವು ಅಂದುಕೊಂಡಿದ್ದೀರಿ. ಅಲ್ಲ. ಬೆಲ್ಲ ಕಂಡರೆ ನನಗೆ ಹೇಸಿಗೆ. ಬಾಯಲ್ಲಿ ಹೇಳಲು ನಾಚಿಕೆಯಾಗುತ್ತದೆ, ಅದಕ್ಕೇ ಬರೆಯುತ್ತಿದ್ದೇನೆ.

ಎಪ್ಪತ್ತರ ದಶಕ. ಆತಗೂರಿನ ಕಡೆಯ ಹಳ್ಳಿಗೆ ಸೊಸೆಯಾಗಿ ಬಂದು ಇನ್ನೂ ವರ್ಷ ತುಂಬಿರಲಿಲ್ಲ. ಮುಟ್ಟು ನಿಂತು ಮೂರು ತಿಂಗಳಾಗಿತ್ತು. ನಮ್ಮ ಆಲೆಮನೆಯಲ್ಲಿ ಕಬ್ಬಿನ ಹಾಲು ಕಾಯಿಸಿ ಬೆಲ್ಲ ತೆಗೆಯುತ್ತಿದ್ದ ದಿನಗಳು. ಒಂದು ಬೆಳಿಗ್ಗೆ ಸಗಣಿ ಬಾಚುತ್ತಿದ್ದಾಗ ಸೊಂಟ ಹಿಡಿದುಕೊಂಡು ರಕ್ತ ಹೋಗತೊಡಗಿತು. ಹೆದರಿ ಅತ್ತೆಗೆ ಹೇಳಿದೆ.

"ಬಸುರೂ ಇಲ್ಲ ಗಿಸುರೂ ಇಲ್ಲ ಕಣಮ್ಮಿ. ನಿಂತಿದ್ದು ಬಂದದೆ. ಓಗು, ಆಚೆ ಕೂತ್ಕೊ."

ಆಚೆ ಎಂದರೆ ಕೊಟ್ಟಿಗೆಯ ಮೂಲೆ, ಮುಟ್ಟಾದವರ ಜಾಗ. ಒಂದು ಗೋಣಿಚೀಲ, ಎರಡು ಹಳೇ ಸೀರೆ ತುಂಡು. ಒಗೆದು ಬಿಸಿಲಿಗೆ ಹಾಕುವಂತಿಲ್ಲ, ಗಂಡಸರ ಕಣ್ಣಿಗೆ ಬೀಳುತ್ತದೆ. ಹಸಿಯಾಗಿದ್ದುದನ್ನೇ ಮತ್ತೆ ಕಟ್ಟಿಕೊಳ್ಳಬೇಕು. ಮಾರನೆಯ ದಿನ ಗಟ್ಟಿಗಟ್ಟಿಯಾಗಿ ಹೋಯಿತು. ಏನೆಂದು ನನಗೆ ಗೊತ್ತಾಯಿತು. ಅತ್ತೆ ನೋಡಿದರು, ಬಳಿದುಕೊಂಡು ಹೋಗಿ ತಿಪ್ಪೆಯಲ್ಲಿ ಮುಚ್ಚಿ ಬಂದರು. ಆಮೇಲೆ ಜ್ವರ, ನಾತ. ನನ್ನ ನಾತಕ್ಕೆ ನನಗೇ ವಾಕರಿಕೆ.

ಎದುರಿಗೇ ಜಗಲಿ. ಅದರ ಮೇಲೆ ಮದ್ದೂರಿನ ಮಂಡಿಗೆ ಹೋಗಬೇಕಾದ ಅಚ್ಚುಬೆಲ್ಲ ಹರಡಿತ್ತು. ನೊಣಗಳು ನನ್ನ ಬಟ್ಟೆಯಿಂದೆದ್ದು ಬೆಲ್ಲದ ಮೇಲೆ ಕೂರುತ್ತಿದ್ದವು, ಬೆಲ್ಲದಿಂದೆದ್ದು ಮತ್ತೆ ನನ್ನ ಮೇಲೆ. ಮಲಗಿಕೊಂಡು ಅದನ್ನೇ ನೋಡುತ್ತಿದ್ದೆ.

ನಮ್ಮೂರಿಗೆ ಆಗ ಬಸ್ಸಿರಲಿಲ್ಲ. ಬೆಲ್ಲ ಗಾಡಿಗೆ ತುಂಬುವಾಗ ನಿಮ್ಮ ತಾತ ತಮ್ಮ ಅಪ್ಪನನ್ನು ಕೇಳಿದರು. "ಅಪ್ಪಾ, ಅವಳ್ಗೆ ಮೈ ಸುಡ್ತಾ ಅದೆ. ಇದ್ರಲ್ಲೇ ಆಸ್ಪತ್ರೆಗೆ ಕರ್ಕೊಂಡೋಗ್ಲಾ?"

"ತಲೆ ಕೆಟ್ಟದಾ ನಿಂಗೆ? ಮುಟ್ಟಾದೋಳ್ನ ಬೆಲ್ಲದ ಜೊತೆ ಕೂರುಸ್ತಾನಂತೆ! ಮೈಲಿಗೆ ಕಣ್ಲಾ. ಗಾಡಿ ವಾಪಸ್ ಬಂದ್ಮೇಲೆ ಓಗ್ಲಿ ಬುಡು."

"ಅಷ್ಟೊತ್ಗೆ ಏನಾರಾ ಆದ್ರೆ..."

"ಎತ್ತು ಕಟ್ಲಾ ಲೇ!"

ತಾತ ಎತ್ತು ಕಟ್ಟಿದರು. ನನ್ನ ಕಡೆ ತಿರುಗಲಿಲ್ಲ. ಗಾಡಿ ಹೊರಟಾಗ ನೊಣಗಳೂ ಗುಂಯ್ಯೆಂದು ಜೊತೆಗೇ ಹೋದವು. ಅವಕ್ಕೆ ಮೈಲಿಗೆ ಇರಲಿಲ್ಲ.

ಮಾರನೆಯ ದಿನ ಅದೇ ಗಾಡಿಯಲ್ಲಿ ಹುಲ್ಲು ಹಾಸಿ ನನ್ನನ್ನು ಮಲಗಿಸಿದರು. ಹಲಗೆಗೆ ಅಂಟಿದ್ದ ಬೆಲ್ಲ ಬಿಸಿಲಿಗೆ ಕರಗಿ ಕೂದಲಿಗೆಲ್ಲ ಮೆತ್ತಿಕೊಂಡಿತು. ಆಸ್ಪತ್ರೆಯಲ್ಲಿ ನರ್ಸಮ್ಮ ಮೂಗಿಗೆ ಸೆರಗು ಹಿಡಿದು, "ಬಸುರು ಇಳಿದು ಅರ್ಧ ಒಳಗೇ ಕೊಳೀತಾ ಇದೆ, ಮನೇಲಿ ಯಾರೂ ಇರಲಿಲ್ವೇನ್ರೀ?" ಎಂದು ತಾತನನ್ನು ಬೈದರು. ಉಳಿದಿದ್ದುದನ್ನು ತೆಗೆದು ಹಾಕಿದರು. ನಾನು ಬದುಕಿದೆ.

ಊರಿಗೆ ಬಂದ ದಿನ ಅತ್ತೆ ತಲೆಗೆ ನೀರು ಹಾಕಿ ಒಳಗೆ ಕರೆದರು. ಬಾಣಂತಿಗೆ ಕೊಡುವ ಹಾಗೆ ಅಂಗೈಗೆ ಬೆಲ್ಲದ ಅಚ್ಚೊಂದನ್ನು ಇಟ್ಟರು.

"ತಿನ್ನಮ್ಮಿ, ರಕ್ತ ಆಯ್ತದೆ. ನಮ್ಮ ಆಲೆಮನೇದೇ, ಚೊಕ್ಕವಾಗದೆ."

ಬಸುರು ಇರಲೇ ಇಲ್ಲ ಅಂದಿದ್ದವರು ಅವರೇ. ಬೆಲ್ಲವನ್ನು ಸೆರಗಿನಲ್ಲಿ ಕಟ್ಟಿಕೊಂಡು ಹೋಗಿ ಅದೇ ತಿಪ್ಪೆಗೆ ಎಸೆದು ಬಂದೆ.